ಹಣ್ಣಿನ ಬಣ್ಣವೂ ಹೆಣ್ಣುಮಕ್ಕಳ ಪಾಲೂ

ರಾಗಿ ತೆಂಗುಗಳ ಸೀಮೆಯಾದ ನಮ್ಮ ಬಾಣಾವರದಲ್ಲಿ ಹಣ್ಣನ್ನು ರೋಗಿಯ ಪಥ್ಯವೆಂದೂ ಅತಿಥಿಯ ಉಪಚಾರವೆಂದೂ ಎಣಿಸುವವರು ಬಹುಮಂದಿ. ಅದು ನಿತ್ಯದ ಆಹಾರವಾಗಬೇಕೆಂಬುದು ನಮ್ಮ ಅಭಿಪ್ರಾಯ.

ಹಣ್ಣುಗಳ ಬಣ್ಣವು ಕಣ್ಣಿನ ಸೊಗಸಿಗೆ ಮಾತ್ರವಲ್ಲ. ಪರಂಗಿ, ಮಾವುಗಳ ಹಳದಿಯಲ್ಲಿರುವ ಕೆರೋಟಿನ್ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಟ್ಟು ದೃಷ್ಟಿಯನ್ನು ಕಾಯುತ್ತದೆ. ನೇರಳೆಯ ಕಪ್ಪು ಆಂಥೊಸಯನಿನ್ ಎಂಬ ವರ್ಣದ್ರವ್ಯದ್ದು. 100 ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವವಿದೆ. ಊಟದೊಡನೆ ತಿಂದರೆ ರಾಗಿ, ಸೊಪ್ಪುಗಳ ಕಬ್ಬಿಣಾಂಶವನ್ನು ಅದು ಮೈಗೆ ಹತ್ತಿಸುತ್ತದೆ. ಒಂದರ ಗುಣವು ಇನ್ನೊಂದಕ್ಕಿಲ್ಲವಾದುದರಿಂದ ಬಣ್ಣಗಳನ್ನು ಬದಲಿಸಿ ತಿನ್ನುವುದೇ ಲೇಸು.

ಹೆಣ್ಣುಮಕ್ಕಳಿಗಂತೂ ಇದು ಅತ್ಯವಶ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 19 ವರುಷದ ಹುಡುಗಿಯರಲ್ಲಿ ಶೇಕಡ 59 ಮಂದಿ ರಕ್ತಹೀನರು. ಹಣ್ಣೊಂದೇ ಇದಕ್ಕೆ ಮದ್ದೆಂದು ನಾವು ಹೇಳುವುದಿಲ್ಲ. ವೈದ್ಯರ ಸಲಹೆಯೂ ಬೇಕು. ಆದರೆ ಎಲ್ಲರೂ ಉಂಡು ಮಿಕ್ಕುದೇ ಮಗಳ ಪಾಲೆಂಬ ರೂಢಿಯನ್ನು ಬಿಡಲು ಯಾವ ವೈದ್ಯರೂ ಬರಬೇಕಾಗಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ದಿನಕ್ಕೆ 100 ಗ್ರಾಂ ಹಣ್ಣು ಬೇಕೆನ್ನುತ್ತದೆ. ಅದು ಒಂದು ಸೀಬೆಹಣ್ಣಿನಷ್ಟು. ಇದಕ್ಕಾಗಿ ದೂರದೇಶದ ಸೇಬನ್ನು ಹಂಬಲಿಸಬೇಕಾಗಿಲ್ಲ. ಹಿತ್ತಲಿನ ಪರಂಗಿ, ಬೇಲಿಯ ಸೀತಾಫಲಗಳೇ ಸಾಕು. ಹೆತ್ತವರೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಈ ಪಾಲನ್ನು ಮಗನಿಗೆ ಕೊಡುವಂತೆಯೇ ಮಗಳಿಗೂ ಕೊಡಲೆಂದು ಪ್ರಾರ್ಥಿಸುತ್ತೇವೆ.