ಇಂಗ್ಲಿಷ್ ಕಲಿಕೆಗೆ ರಂಗಭೂಮಿಯ ನೆರವು ಪಡೆಯೋಣ

ಕೆಲಸ ಬಲ್ಲ ಯುವಕರು ಸಿಗುವುದಿಲ್ಲವೆಂಬುದು ನಮ್ಮ ಸದಸ್ಯ ಉದ್ಯಮಿಗಳ ಬಹುಕಾಲದ ದೂರು. ನನ್ನ ಅನುಭವದಲ್ಲಿ ಕೆಲಸ ಬಲ್ಲವರು ಸಿಗುತ್ತಾರೆ. ಆ ಕೆಲಸದ ಕುರಿತು ಹೊರರಾಜ್ಯದ ಗ್ರಾಹಕರೊಡನೆ ಇಂಗ್ಲಿಷಿನಲ್ಲಿ ನಾಲ್ಕು ಮಾತನಾಡಬಲ್ಲವರು ವಿರಳ. ಕೆಲವು ವರ್ಷಗಳ ಹಿಂದೆ ನಮ್ಮ ಕಾರ್ಖಾನೆಯ ಬಿಡಿಭಾಗಗಳಲ್ಲಿ ಅಳತೆಯ ದೋಷವಿದೆಯೆಂದು ಪುಣೆಯ ಗ್ರಾಹಕರೊಬ್ಬರು ದೂರವಾಣಿಯಲ್ಲಿ ಆಕ್ಷೇಪಿಸಿದರು. ಕರೆ ಸ್ವೀಕರಿಸಿದ ಯುವಕ ಡಿಪ್ಲೊಮಾದಲ್ಲಿ ಪ್ರಥಮ ದರ್ಜೆ ಪಡೆದವನು. ಗ್ರಾಹಕರು ಹಳೆಯ ನಕ್ಷೆಯನ್ನಿಟ್ಟುಕೊಂಡು ಅಳೆಯುತ್ತಿದ್ದಾರೆಂಬುದು ಅವನಿಗೆ ಕೂಡಲೇ ಹೊಳೆದಿತ್ತು. ಆದರೆ ಅವನ ಬಾಯಿಂದ ಹೊರಟದ್ದು "ಎಸ್ ಸಾರ್, ಎಸ್ ಸಾರ್" ಎಂಬಷ್ಟೇ. ತಪ್ಪನ್ನು ಒಪ್ಪಿಕೊಂಡರೆಂದು ಭಾವಿಸಿದ ಗ್ರಾಹಕರು ಸರಕನ್ನೆಲ್ಲ ಹಿಂದಿರುಗಿಸಿದರು. ಸಾಗಣೆಯ ವೆಚ್ಚ ನಮ್ಮ ಪಾಲಿಗೆ ಬಂತು. ಆ ಯುವಕ ಮತ್ತೆಂದೂ ದೂರವಾಣಿಯ ಹತ್ತಿರ ಸುಳಿಯಲಿಲ್ಲ. ಎರಡನೆಯ ನಷ್ಟವೇ ದೊಡ್ಡದು.

ಇದು ವ್ಯಾಕರಣದ ಕೊರತೆಯಲ್ಲ. 2007-08ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲೂ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಆದರೆ ಪಾಠದ ಪ್ರಶ್ನೆಗೆ ಉತ್ತರ ಬರೆಯುವುದನ್ನು ಬಿಟ್ಟರೆ ತನ್ನ ಮಾತಿನಿಂದ ಒಂದು ಕಾರ್ಯ ಸಾಧಿಸಬೇಕಾದ ಪ್ರಸಂಗವು ವಿದ್ಯಾರ್ಥಿಗೆ ಒದಗುವುದು ಅಪರೂಪ. ಆ ಪ್ರಸಂಗವನ್ನು ತರಗತಿಯೊಳಕ್ಕೆ ತರಬಲ್ಲ ಸುಲಭ ಸಾಧನ ನಾಟಕ.

ಈ ವಿಚಾರ ಹೊಸತೇನಲ್ಲ. ಇಂಗ್ಲೆಂಡಿನ ಶಿಕ್ಷಕ ಹೆನ್ರಿ ಕಾಲ್ಡ್‌ವೆಲ್ ಕುಕ್ ಅವರು 1917ರಲ್ಲೇ 'ದಿ ಪ್ಲೇ ವೇ' ಗ್ರಂಥದಲ್ಲಿ ಅಭಿನಯದ ಮೂಲಕ ಕಲಿಸುವುದನ್ನು ಪ್ರತಿಪಾದಿಸಿದ್ದರು. ಪರಭಾಷೆಯಾಗಿ ಇಂಗ್ಲಿಷ್ ಕಲಿಯುವವರಿಗಾಗಿ ಅಲನ್ ಮೇಲಿ ಮತ್ತು ಅಲನ್ ಡಫ್ ಅವರು 1978ರಲ್ಲಿ ನಾಟಕ ತಂತ್ರಗಳ ಕೈಪಿಡಿಯನ್ನೇ ಹೊರತಂದರು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ಎನ್. ಎಸ್. ಪ್ರಭು ಅವರು ನಡೆಸಿದ, 'ಬೆಂಗಳೂರು ಪ್ರಾಜೆಕ್ಟ್' ಎಂದೇ ಪ್ರಸಿದ್ಧವಾದ ಪ್ರಯೋಗವು ನಾಟಕದ್ದಲ್ಲ. ಆದರೆ ಗಮನವು ಅರ್ಥದ ಮೇಲಿದ್ದಾಗಲೇ ಭಾಷೆ ಮೈಗೂಡುತ್ತದೆಂಬ ಅದರ ತತ್ವ ಇಲ್ಲಿಗೂ ಅನ್ವಯಿಸುತ್ತದೆ.

ನಾಟಕವೆಂದೊಡನೆ ಬಣ್ಣ, ಪರದೆಗಳನ್ನು ನೆನೆಯಬೇಕಿಲ್ಲ. ಇಬ್ಬರು ಕಲಿಯುವವರಿಗೆ ಎರಡು ಚೀಟಿ ಕೊಡಿ. ಮಾರುವವನ ಚೀಟಿಯಲ್ಲಿ ಆತ ಇಳಿಯಬಹುದಾದ ಕನಿಷ್ಠ ದರವಿರಲಿ. ಕೊಳ್ಳುವವನ ಚೀಟಿಯಲ್ಲಿ ಸರಕು ತಲುಪಬೇಕಾದ ಕಡೆಯ ದಿನಾಂಕವಿರಲಿ. ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯದು. ಮಾತನಾಡದೆ ವ್ಯವಹಾರ ಕುದುರದು. ನಡುವೆ ತಿದ್ದದೆ, ಮುಗಿದ ಮೇಲೆ ಶಿಕ್ಷಕರು ತಪ್ಪುಗಳನ್ನು ತೋರಿಸಲಿ. ಬಳಿಕ ಪಾತ್ರ ಬದಲಿಸಿ ಮತ್ತೆ ಆಡಿಸಲಿ. ಒಂದೇ ವಾಕ್ಯವನ್ನು ಇಪ್ಪತ್ತು ಸಲ ಬರೆಸಿದರೆ ಅದು ಶಿಕ್ಷೆ; ಇಪ್ಪತ್ತು ಸಲ ಅಭಿನಯಿಸಿದರೆ ಅದು ತಾಲೀಮು.

ಧ್ವನಿಯ ಮಹತ್ವವೂ ಇಲ್ಲೇ ತಿಳಿಯುವುದು. ನಮ್ಮ ಪೇಟೆಯಲ್ಲಿ "ನೋಡೋಣ" ಎಂದರೆ ಒಪ್ಪಿಗೆಯೋ ನಿರಾಕರಣೆಯೋ ಎಂಬುದನ್ನು ದನಿಯಿಂದಲೇ ಗ್ರಹಿಸುತ್ತೇವೆ. ಇಂಗ್ಲಿಷಿನ "ಐ ವಿಲ್ ಸೀ" ಎಂಬುದೂ ಹಾಗೆಯೇ. ಇದನ್ನು ಪುಸ್ತಕದಿಂದ ಕಲಿಯಲಾಗದು. ಎಲ್ಲಕ್ಕಿಂತ ಮಿಗಿಲಾಗಿ, ಪಾತ್ರದ ಮರೆಯಲ್ಲಿ ಸಂಕೋಚ ಅಡಗುತ್ತದೆ. ತಪ್ಪಿದ್ದು ಪಾತ್ರಧಾರಿಯೇ ಹೊರತು ತಾನಲ್ಲವೆಂಬ ಧೈರ್ಯ ಮೂಡುತ್ತದೆ.

ನಮ್ಮ ಶಿವಮೊಗ್ಗ ಜಿಲ್ಲೆಗೆ ಈ ಮಾರ್ಗ ಅಪರಿಚಿತವಲ್ಲ. ವೇಷವಿಲ್ಲದೆ ಕುಳಿತು, ಎದುರಾಳಿಯ ವಾದಕ್ಕೆ ಸ್ಥಳದಲ್ಲೇ ಪ್ರತಿವಾದ ಹೂಡುವ ತಾಳಮದ್ದಳೆಯ ಅರ್ಥಧಾರಿಗಳನ್ನು ಮಲೆನಾಡಿನವರು ಬಲ್ಲರು. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿತು. ರಂಗಶಿಕ್ಷಣ ಪಡೆದವರು ನಮ್ಮ ಆಸುಪಾಸಿನಲ್ಲಿಯೇ ದೊರೆಯುತ್ತಾರೆ. ಅವರನ್ನೂ ಇಂಗ್ಲಿಷ್ ಅಧ್ಯಾಪಕರನ್ನೂ ಜೊತೆಗೂಡಿಸುವುದಷ್ಟೇ ಬಾಕಿ.

ಈ ವಿಧಾನಕ್ಕೂ ಮಿತಿಗಳಿವೆ. ಇದರಿಂದ ಪತ್ರವ್ಯವಹಾರ ಬರುವುದಿಲ್ಲ, ಅದಕ್ಕೆ ಬರವಣಿಗೆಯ ಅಭ್ಯಾಸವೇ ಬೇಕು. ನಲವತ್ತು ಜನರ ಗುಂಪಿನಲ್ಲಿ ಇದು ಗದ್ದಲವಾಗಿ ಪರಿಣಮಿಸೀತು. ಮಾತುಗಾರರೇ ಮುಂದೆ ನಿಂತು ನಾಚುವವರು ಹಿಂದುಳಿಯದಂತೆ ನೋಡಿಕೊಳ್ಳಬೇಕು.

ಆದ್ದರಿಂದ ನಮ್ಮ ಸಂಸ್ಥೆಯ ಮುಂದೆ ಒಂದು ಸಣ್ಣ ಸಲಹೆಯನ್ನಿಡುತ್ತೇನೆ. ಸಂವಹನ ಕಲೆಯನ್ನು ಕುರಿತ ಒಂದು ದಿನದ ಉಪನ್ಯಾಸಗಳ ಬದಲು, ಇಪ್ಪತ್ತು ಮಂದಿಗೆ ವಾರಕ್ಕೆ ಎರಡು ಗಂಟೆಯಂತೆ ಮೂರು ತಿಂಗಳ ಶಿಬಿರವನ್ನು ಪ್ರಾಯೋಗಿಕವಾಗಿ ನಡೆಸೋಣ. ಪ್ರಸಂಗಗಳನ್ನು ಸದಸ್ಯರೇ ತಮ್ಮ ಕಡತಗಳಿಂದ ಒದಗಿಸಲಿ: ಬಾರದ ಬಾಕಿ, ತಡವಾದ ಸರಕು, ತಪ್ಪು ಅಳತೆ. ಕೊನೆಯ ದಿನ ನಾವೇ ಗ್ರಾಹಕರಾಗಿ ಕುಳಿತು ಅವರನ್ನು ಪರೀಕ್ಷಿಸೋಣ. ನಮ್ಮ ಇಂಗ್ಲಿಷಿಗೂ ಅಂದು ಪರೀಕ್ಷೆಯಾಗುವುದು ಒಳ್ಳೆಯದೇ. ಪ್ರಸಂಗದ ಮೊದಲ ಚೀಟಿಯಾಗಿ ಪುಣೆಯ ಆ ಕರೆಯನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.