'ಸ್ಟೀಲ್', 'ರಾಬ್' ಮತ್ತು 'ವೋಲೆ': ಕಳವಿನ ಪದಗಳು ಫ್ರೆಂಚಿಗೆ ಹೋಗುವಾಗ

ಷೇಕ್ಸ್‌ಪಿಯರನ 'ಒಥೆಲೊ' ನಾಟಕದ ಮೂರನೆಯ ಅಂಕದ ಮೂರನೆಯ ದೃಶ್ಯವು ಫ್ರೆಂಚ್ ಅನುವಾದಕರ ಪಾಲಿಗೆ ಒಂದು ಒರೆಗಲ್ಲು. ಸಂಶಯದ ನಂಜೇರಿದ ಒಥೆಲೊ ಅಲ್ಲಿ ಒಂದು ವಿಚಿತ್ರವಾದ ತರ್ಕವನ್ನು ಮುಂದಿಡುತ್ತಾನೆ. ತನ್ನ ಸೊತ್ತು ಹೋದದ್ದು ಒಬ್ಬನ ಅರಿವಿಗೇ ಬಂದಿಲ್ಲವೆಂದರೆ, ಅವನಿಗೆ ಅದನ್ನು ತಿಳಿಸದಿರುವುದೇ ಲೇಸು. ತಿಳಿಯದಿರುವಷ್ಟು ಕಾಲ ಅವನು ಏನನ್ನೂ ಕಳೆದುಕೊಂಡವನಲ್ಲ ಎಂಬುದು ಅವನ ವಾದದ ತಿರುಳು. ಈ ಮಾತಿನಲ್ಲಿ ಹೋದ ವಸ್ತುವಿಗೆ 'ಸ್ಟೀಲ್' ಕ್ರಿಯಾಪದದ ರೂಪವೂ, ಕಳೆದುಕೊಂಡ ಮನುಷ್ಯನಿಗೆ 'ರಾಬ್' ಕ್ರಿಯಾಪದದ ರೂಪವೂ ಬಂದಿವೆ. ವಸ್ತುವಿನ ಕಳವು ನಡೆದಿದ್ದರೂ ಮನುಷ್ಯನಿಗೆ ಹಾನಿಯಾಗಿಲ್ಲ ಎಂಬ ಒಥೆಲೊನ ಕುತರ್ಕ ನಿಂತಿರುವುದೇ ಈ ಎರಡು ಪದಗಳ ನಡುವಿನ ಸಂದಿಯಲ್ಲಿ. ಡೆಸ್ಡಿಮೋನಾಳ ಜೀವವೂ ಆ ಸಂದಿಯಲ್ಲಿಯೇ ಸಿಲುಕಿದೆ.

ಫ್ರೆಂಚಿನಲ್ಲಿ ಈ ಸಂದಿ ಇಲ್ಲ. ಅಲ್ಲಿನ ಸಾಮಾನ್ಯ ಪದ 'ವೋಲೆ'. ಕದ್ದ ಪುಸ್ತಕವೂ 'ವೋಲೆ', ಪುಸ್ತಕ ಕಳೆದುಕೊಂಡವನೂ 'ವೋಲೆ'. ಇಂಗ್ಲಿಷಿನ ಎರಡು ಪದಗಳ ಭೇದವನ್ನು ಬಲಪ್ರಯೋಗದಿಂದ ವಿವರಿಸುವುದು ವಾಡಿಕೆ: ಗುಟ್ಟಾಗಿ ತೆಗೆದರೆ 'ಸ್ಟೀಲ್', ಹೆದರಿಸಿ ಹೊಡೆದು ತೆಗೆದರೆ 'ರಾಬ್'. ಇದು ನ್ಯಾಯಾಲಯದ ಭೇದವೇ ಹೊರತು ಭಾಷೆಯ ಮೂಲ ಭೇದವಲ್ಲ. ಒಥೆಲೊನ ಮಾತಿನಲ್ಲಿ ಬಲಪ್ರಯೋಗದ ಸುಳಿವೂ ಇಲ್ಲ, ಆದರೂ ಅಲ್ಲಿ 'ರಾಬ್' ಇದೆ. ಮೂಲ ಭೇದವಿರುವುದು ಕರ್ಮಪದದಲ್ಲಿ. 'ಸ್ಟೀಲ್' ವಸ್ತುವನ್ನು ಹಿಡಿಯುತ್ತದೆ, 'ರಾಬ್' ಮನುಷ್ಯನನ್ನೋ ಸ್ಥಳವನ್ನೋ ಹಿಡಿಯುತ್ತದೆ. ಕನ್ನಡ ಓದುಗರಿಗೆ ಇದು ಸುಲಭವಾಗಿ ಮನದಟ್ಟಾಗಬೇಕು. 'ದಾರಿಹೋಕನನ್ನು ದೋಚಿದರು' ಎಂಬುದು ಸರಿಯಾದ ವಾಕ್ಯ. 'ದಾರಿಹೋಕನನ್ನು ಕದ್ದರು' ಎಂದರೆ ಅವನನ್ನೇ ಹೊತ್ತೊಯ್ದರೆಂಬ ಅರ್ಥ ಬಂದು ನಗೆಪಾಟಲಾಗುತ್ತದೆ. ಫ್ರೆಂಚಿನವನಿಗೆ ಅಂತಹ ವಾಕ್ಯದಲ್ಲಿ ನಗುವಂಥದ್ದೇನೂ ಇಲ್ಲ.

ಹಾಗಾದರೆ ಅನುವಾದಕನು ಎರಡಕ್ಕೂ 'ವೋಲೆ' ಎಂದು ಬರೆದು ಕೈತೊಳೆದುಕೊಳ್ಳಬೇಕೆ? ನಿಘಂಟುಗಳು ಆ ದಾರಿಯನ್ನೇ ತೋರುತ್ತವೆ. ಆದರೆ ಎರಡು ಪದಗಳು ಒಂದೇ ಮಾತಿನಲ್ಲಿ ಎದುರುಬದುರಾಗಿ ನಿಂತಾಗ 'ಸ್ಟೀಲ್' ಪದಕ್ಕೆ 'ದೆರೋಬೆ', 'ರಾಬ್' ಪದಕ್ಕೆ 'ವೋಲೆ' ಎಂದು ಹಂಚುವುದೇ ಯುಕ್ತ. ಮೇಲುನೋಟಕ್ಕೆ ಇದು ತಲೆಕೆಳಗಾದ ಹಂಚಿಕೆ. 'ರಾಬ್' ಮತ್ತು 'ದೆರೋಬೆ' ಒಂದೇ ಜರ್ಮಾನಿಕ್ ಮೂಲದ ದಾಯಾದಿ ಪದಗಳು. ಉಡುಪಿನ ಅರ್ಥದ 'ರೋಬ್' ಕೂಡ ಅದೇ ಕುಲದ್ದು, ಲೂಟಿಯಲ್ಲಿ ಸಿಕ್ಕ ಬಟ್ಟೆಯಿಂದ ಆ ಅರ್ಥ ಹುಟ್ಟಿತು. ಆದರೆ ಹುಟ್ಟು ಒಂದಾದ ಮಾತ್ರಕ್ಕೆ ನಡತೆ ಒಂದಾಗಬೇಕಿಲ್ಲ. 'ದೆರೋಬೆ' ಕಾಲಕ್ರಮದಲ್ಲಿ ಮರೆಮಾಚುವ, ನುಣುಚಿಕೊಳ್ಳುವ ಅರ್ಥಗಳನ್ನು ಮೈಗೂಡಿಸಿಕೊಂಡಿದೆ. ಓರೆಗಣ್ಣಿನಿಂದ ಕದ್ದುನೋಡುವುದಕ್ಕೆ ಇಂಗ್ಲಿಷಿನಲ್ಲಿ 'ಸ್ಟೀಲ್' ಬಂದರೆ, ಫ್ರೆಂಚಿನಲ್ಲಿ 'ಆ ಲಾ ದೆರೋಬೆ' ಎಂಬ ನುಡಿಗಟ್ಟು ಬರುತ್ತದೆ. ಕನ್ನಡದ 'ಕದ್ದುನೋಡು' ಎಂಬುದೂ ಇದೇ ಜಾಡಿನದು. ಗುಟ್ಟಿನ ಗುಣ ಇರುವುದು 'ದೆರೋಬೆ'ಯಲ್ಲಿ.

'ವೋಲೆ'ಯ ಚರಿತ್ರೆ ಬೇರೆ. ಫ್ರೆಂಚಿನಲ್ಲಿ 'ಹಾರು' ಎಂಬುದಕ್ಕೂ ಇದೇ ಪದ. ಸಾಕಿದ ಡೇಗೆಯಿಂದ ಹಕ್ಕಿಗಳನ್ನು ಬೇಟೆಯಾಡಿಸುವವರ ಮಾತಿನಲ್ಲಿ ಡೇಗೆಯು ಕೌಜುಗವನ್ನು 'ಹಾರುತ್ತದೆ' ಎಂಬ ಸಕರ್ಮಕ ಪ್ರಯೋಗವಿತ್ತು. ಹಾರಿ ಎರಗಿ ಹಿಡಿಯುತ್ತದೆ ಎಂದರ್ಥ. ಕಳವಿನ ಅರ್ಥವು 16ನೆಯ ಶತಮಾನದಲ್ಲಿ ಅಲ್ಲಿಂದ ಕವಲೊಡೆಯಿತೆಂಬುದು ಪದಚರಿತ್ರಕಾರರ ಸಾಮಾನ್ಯ ಅಭಿಪ್ರಾಯ. ಅದಕ್ಕೆ ಮೊದಲು ಫ್ರೆಂಚಿನಲ್ಲಿ ಕಳವಿಗೆ ಬಳಕೆಯಲ್ಲಿದ್ದ ಪದ 'ಆಂಬ್ಲೆ'. ಅದು ಲ್ಯಾಟಿನಿನ 'ಇನ್ವೊಲಾರೆ'ಯಿಂದ, ಅಂದರೆ ಮೇಲೆ ಹಾರಿ ಎರಗುವ ಕ್ರಿಯೆಯಿಂದಲೇ, ಬಂದದ್ದೆಂಬುದು ಸ್ವಾರಸ್ಯಕರ. ಒಂದು ಭಾಷಾವಂಶವು ಒಂದೇ ರೂಪಕವನ್ನು ಎರಡು ಸಲ ಕಂಡುಕೊಂಡಿದೆ! ಡೇಗೆ ಎರಗುವುದು ಬಲಿಯ ಮೇಲೆ. ಆದುದರಿಂದ ಕಳೆದುಕೊಂಡ ಮನುಷ್ಯನಿಗೆ 'ವೋಲೆ'ಯೇ ಒಪ್ಪುವ ಪದ.

ಈ ಹಂಚಿಕೆಗೆ ಬಲವಾದ ಆಕ್ಷೇಪವೊಂದಿದೆ. 'ದೆರೋಬೆ' ಗ್ರಾಂಥಿಕ ಪದ. ಒಥೆಲೊನ ಗಂಭೀರ ಮಾತಿಗೆ ಅದು ಹೊಂದುತ್ತದೆ. ಡಿಕನ್ಸನ 'ಆಲಿವರ್ ಟ್ವಿಸ್ಟ್' ಕಾದಂಬರಿಯಲ್ಲಿ ಫೇಗಿನ್‌ನ ಗರಡಿಯಲ್ಲಿ ಪಳಗಿ ಕರವಸ್ತ್ರ ಎಗರಿಸುವ ಹುಡುಗರ ಬಾಯಲ್ಲಿ ಅದು ಹಬ್ಬದ ಉಡುಪು ತೊಟ್ಟಂತೆ ಕಾಣುತ್ತದೆ. ಅವರಿಗೆ ಬೀದಿಯ ಪದಗಳೇ ಬೇಕು. ಫ್ರೆಂಚಿನಲ್ಲಿ ಅವಕ್ಕೆ ಕೊರತೆಯೂ ಇಲ್ಲ: ಚುಚ್ಚುವ ಅರ್ಥದ 'ಪಿಕೆ', ಹುಲ್ಲು ಕೊಯ್ಯುವ ಅರ್ಥದ 'ಫೋಷೆ', ಜೊತೆಗೆ 'ಷಿಪೆ'. ಒಥೆಲೊನ ದೃಶ್ಯದಲ್ಲಿಯೇ ಇಯಾಗೊ ಹಣದ ಚೀಲಕ್ಕೆ 'ಸ್ಟೀಲ್' ಎಂದೂ, ಒಳ್ಳೆಯ ಹೆಸರಿಗೆ 'ಫಿಲ್ಚ್' ಎಂಬ ಹಗುರವಾದ, ಚಿಲ್ಲರೆ ಕಳವಿನ ಪದವನ್ನೂ ಬಳಸುತ್ತಾನೆ. ಅಮೂಲ್ಯವಾದುದಕ್ಕೆ ಅಗ್ಗದ ಪದ! ಅನುವಾದಕ ಇಲ್ಲಿ ಘನವಾದ ಪದವನ್ನು ಆಯ್ದರೆ ಇಯಾಗೊನ ಕುಹಕವೇ ಮಾಯವಾಗುತ್ತದೆ.

ಕಾನೂನಿನ ಅನುವಾದಕರಿಗೆ ಈ ನಾಜೂಕುಗಳ ಗೊಡವೆಯಿಲ್ಲ. ಅವರು ವಿಶೇಷಣಗಳಿಂದ ಕೆಲಸ ಸಾಗಿಸುತ್ತಾರೆ. ಕೆನಡಾದ ದಂಡಸಂಹಿತೆಯ ಇಂಗ್ಲಿಷ್ ಪಾಠದಲ್ಲಿ 'ಥೆಫ್ಟ್' ಇರುವಲ್ಲಿ ಫ್ರೆಂಚ್ ಪಾಠದಲ್ಲಿ 'ವೋಲ್' ಇದೆ; 'ರಾಬರಿ' ಇರುವಲ್ಲಿ 'ವೋಲ್ ಕಾಲಿಫಿಯೆ', ಅಂದರೆ ಗುರುತರ ಲಕ್ಷಣಗಳುಳ್ಳ ಕಳವು. ಕಾನೂನಿಗೆ ಇದು ಸಾಕು. ಕಾದಂಬರಿಯ ಪಾತ್ರವೊಂದು ಹೀಗೆ ಕೂಗಿಕೊಂಡರೆ ಅದು ಪೊಲೀಸ್ ಠಾಣೆಯ ದಾಖಲೆಯಂತೆ ಕೇಳಿಸುತ್ತದೆ.

'ಬರ್ಗ್ಲರಿ' ಪದದ ವಿಷಯದಲ್ಲಿ ಮಾತ್ರ ಸಾಹಿತ್ಯದ ಅನುವಾದಕನೂ ಕಾನೂನಿನ ಬಾಗಿಲು ತಟ್ಟಲೇಬೇಕು. ಇಂಗ್ಲೆಂಡಿನ ಹಳೆಯ ಸಾಮಾನ್ಯ ಕಾನೂನಿನಲ್ಲಿ ಈ ಒಂದು ಪದದೊಳಗೆ ರಾತ್ರಿ, ವಾಸದ ಮನೆ, ಒಡೆದು ಒಳನುಗ್ಗುವುದು ಎಂಬ ಮೂರೂ ಅಡಗಿದ್ದವು. ಫ್ರೆಂಚಿನಲ್ಲಿ ಇವುಗಳನ್ನು ಬಿಡಿಬಿಡಿಯಾಗಿ ಹೇಳಬೇಕಾಗುತ್ತದೆ. ವಿಕ್ಟರ್ ಹ್ಯೂಗೊನ ಮಗ ಫ್ರಾಂಸ್ವಾ-ವಿಕ್ಟರ್ 1859ರಿಂದ 1866ರವರೆಗೆ ಷೇಕ್ಸ್‌ಪಿಯರನ ಕೃತಿಗಳ ಫ್ರೆಂಚ್ ಅನುವಾದವನ್ನು ಪ್ರಕಟಿಸುತ್ತಿದ್ದ; ಅದೇ ಅವಧಿಯಲ್ಲಿ, 1862ರಲ್ಲಿ, ತಂದೆಯ 'ಲೆ ಮಿಸೆರಾಬ್ಲ್' ಹೊರಬಂತು. ಅದರ ನಾಯಕ ಜಾಂ ವಾಲ್ಜಾಂ ರೊಟ್ಟಿ ಕದ್ದದ್ದಕ್ಕೆ ಐದು ವರ್ಷಗಳ ಶಿಕ್ಷೆ ಅನುಭವಿಸಿದನೆಂದು ಕಥಾಸಾರಗಳು ಹೇಳುತ್ತವೆ. ಆದರೆ ಅವನು ರಾತ್ರಿಯಲ್ಲಿ ರೊಟ್ಟಿಯಂಗಡಿಯ ಗಾಜನ್ನು ಮುಷ್ಟಿಯಿಂದ ಒಡೆದಿದ್ದ, ಒಳಗೆ ಜನ ವಾಸವಿದ್ದರು. ಕಳವು, ಒಡೆಯುವಿಕೆ, ರಾತ್ರಿ, ವಾಸದ ಮನೆ, ನಾಲ್ಕೂ ಅವನ ಮೇಲಿನ ಆರೋಪದಲ್ಲಿವೆ. ಬರಿಯ 'ವೋಲೆ'ಯಿಂದ ಐದು ವರ್ಷಗಳ ಲೆಕ್ಕ ಸಿಗುವುದಿಲ್ಲ. ಕರ್ನಾಟಕದ ಪೊಲೀಸರು ಇಂದಿಗೂ 'ರಾತ್ರಿ ಕನ್ನ ಕಳವು', 'ಹಗಲು ಕನ್ನ ಕಳವು' ಎಂದು ಬೇರೆ ಬೇರೆ ಬರೆಯುವುದರ ಹಿಂದೆಯೂ ಇಂತಹುದೇ ವಿಂಗಡಣೆಯಿದೆ.

1968ರ ಕಳವು ಕಾಯಿದೆಯು ಇಂಗ್ಲೆಂಡಿನ 'ಬರ್ಗ್ಲರಿ'ಯಿಂದ ರಾತ್ರಿಯ ಷರತ್ತನ್ನು ತೆಗೆದುಹಾಕಿತು. ಅದರ ಮುಂದಿನ ಕಾಲದ ಪತ್ತೇದಾರಿ ಕಾದಂಬರಿಗಳಿಗೆ ಫ್ರೆಂಚಿನ 'ಕಾಂಬ್ರಿಯೋಲಾಜ್' ಎಂಬ ಒಂದೇ ಪದ ಸಾಕು. ಬಿಲ್ ಸೈಕ್ಸನು ಪುಟ್ಟ ಆಲಿವರನನ್ನು ನಡುರಾತ್ರಿಯಲ್ಲಿ ಕಿರುಗಿಟಕಿಯೊಳಗೆ ನುಗ್ಗಿಸಿದ ಚರ್ಟ್ಸಿಯ ಮನೆಗೆ ಅದು ಸಾಲದು.