ನಗಿಸಿದವಳಿಗೊಂದು ನ್ಯಾಯ, ನಗಿಸಿದವನಿಗೊಂದು ನ್ಯಾಯ

ಉಮಾಶ್ರೀ ಅವರ ರಾಜಕೀಯದ ಮಾತು ಬಂದಾಗಲೆಲ್ಲ ನನ್ನ ಕಿವಿಗೆ ಬೀಳುವ ಕೊಂಕೊಂದಿದೆ: 'ಡಬಲ್ ಮೀನಿಂಗ್ ಹಾಸ್ಯ ಮಾಡಿಕೊಂಡಿದ್ದವರೂ ಮಂತ್ರಿಯಾದರು ನೋಡಿ.' ಹೀಗೆನ್ನುವವರು ಕತೆ, ಕಾದಂಬರಿ ಓದಿಕೊಂಡವರೇ.

1984ರ 'ಅನುಭವ'ದಿಂದ ಹೆಸರಾದ ಉಮಾಶ್ರೀ ಮುಂದೆ ಎನ್.ಎಸ್. ರಾವ್ ಮೊದಲಾದವರ ಜೋಡಿಯಾಗಿ ಅಂಥ ಮಾತು ಆಡಿದ್ದು ನಿಜ. ಆದರೆ ಎದುರು ನಿಂತು ಅದಕ್ಕೆ ಜೋಡುಮಾತು ಆಡಿದ ಗಂಡಸರು? ಸಿಳ್ಳೆ ಹಾಕಿದ ನಾವು?

'ಮುಖ್ಯಮಂತ್ರಿ' ನಾಟಕದ ಚಂದ್ರು 1985ರಲ್ಲಿ ಗೌರಿಬಿದನೂರಿನ ಶಾಸಕರಾದರು. ಜಗ್ಗೇಶ್ 2008ರಲ್ಲಿ ತುರುವೇಕೆರೆಯಲ್ಲಿ ಕಾಂಗ್ರೆಸ್‌ನಿಂದ ಗೆದ್ದು, ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. 2022ರಲ್ಲಿ ರಾಜ್ಯಸಭೆಗೆ ಹೋದರು. ಅವರ ಪಕ್ಷಾಂತರವನ್ನು ಟೀಕಿಸಿದವರುಂಟು. ಪೋಲಿ ಪಾತ್ರಗಳನ್ನು ಮುಂದಿಟ್ಟು ಅವರ ಯೋಗ್ಯತೆ ಅಳೆದವರನ್ನು ನಾನು ಕಂಡಿಲ್ಲ. ಚಂದ್ರು ಅವರಿಗೆ ಪಾತ್ರವೇ ಬಿರುದಾಯಿತು; ಉಮಾಶ್ರೀಗೆ ಕಳಂಕವಾಯಿತು.

ನಮ್ಮ ಅರಕೇರಾ, ದೇವದುರ್ಗದ ಕಡೆ ಇದು ಹೊಸದಲ್ಲ. ಜಾತ್ರೆಗೆ ಊರ ಹುಡುಗರು ನಾಟಕ ಆಡುತ್ತಾರೆ; ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಹಾಸ್ಯದ ಪಾರ್ಟು ಮಾಡಿದ ಹುಡುಗ ನಾಳೆ ಪಂಚಾಯಿತಿ ಚುನಾವಣೆಗೆ ನಿಂತರೆ 'ನಮ್ಮ ಕಲಾವಿದ' ಎಂದು ಹಾರ ಹಾಕುತ್ತೇವೆ. ಅದೇ ರಾತ್ರಿ, ಅದೇ ರಂಗದ ಮೇಲೆ ಅವನ ಮಾತಿಗೆ ಮಾತು ಕೊಟ್ಟವಳ ಬಗ್ಗೆ ಆಡುವ ಮಾತೇ ಬೇರೆ. ಊರ ಹೆಣ್ಣುಮಗಳೊಬ್ಬಳು ಬಣ್ಣ ಹಚ್ಚಲು ಹೆದರುವುದು ಈ ಮಾತಿಗೇ.

ಉಮಾಶ್ರೀಯವರನ್ನು ಸಮರ್ಥಿಸುವವರೂ ಎಡವುತ್ತಾರೆ. 'ಒಡಲಾಳ'ದ ಸಾಕವ್ವನನ್ನು, 'ಗುಲಾಬಿ ಟಾಕೀಸ್'ಗೆ ಬಂದ ರಾಷ್ಟ್ರಪ್ರಶಸ್ತಿಯನ್ನು ತೋರಿಸಿ 'ಅವರು ಗಂಭೀರ ನಟಿ' ಎನ್ನುತ್ತಾರೆ. ಅಲ್ಲಿಗೆ ಹಾಸ್ಯ ಕೀಳೆಂದು ಇವರೂ ಒಪ್ಪಿಕೊಂಡಂತಾಯಿತು. ಪ್ರಶಸ್ತಿ ಬರದಿದ್ದರೆ ಓಟು ಕೇಳುವ ಹಕ್ಕು ಇರುತ್ತಿರಲಿಲ್ಲವೇ? ತೇರದಾಳದ ಮತದಾರರು ಅವರನ್ನು 2008ರಲ್ಲಿ ಸೋಲಿಸಿದರು, 2013ರಲ್ಲಿ ಗೆಲ್ಲಿಸಿದರು, 2018ರಲ್ಲಿ ಮತ್ತೆ ಸೋಲಿಸಿದರು. ನಟಿ ಮೂರು ಸಲವೂ ಒಬ್ಬರೇ.

ಟೀಕೆ ಬೇಡವೆಂದಲ್ಲ, ತಕ್ಕ ಟೀಕೆ ಬೇಕು. 2013ರಲ್ಲಿ ಸಚಿವೆಯಾದ ಅವರ ಕೈಯಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಇತ್ತು. 2017ರ ಅಕ್ಟೋಬರ್‌ನಲ್ಲಿ 'ಮಾತೃಪೂರ್ಣ' ಯೋಜನೆ ರಾಜ್ಯದಾದ್ಯಂತ ಬಂತು. ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನದ ಬಿಸಿಯೂಟ ಮಾಡಬೇಕೆಂಬುದು ಅದರ ನಿಯಮ. ಹತ್ತಿ ಬಿಡಿಸಲು ಹೊಲಕ್ಕೆ ಹೋದ ಬಸುರಿ ಮಧ್ಯಾಹ್ನ ಊರಿಗೆ ಬಂದು ಉಣ್ಣುವುದು ಹೇಗೆ? ಹಸಿ ಬಾಣಂತಿಯನ್ನು ಹೊಸ್ತಿಲು ದಾಟಲು ಬಿಡದ ಮನೆಗಳಲ್ಲಿ ಆ ಊಟ ಯಾರ ಪಾಲು? ಇದನ್ನು ಕೇಳಿ. ಈ ಪ್ರಶ್ನೆಗೆ ಯಾವ ಸಚಿವೆಯೂ ಉತ್ತರ ಕೊಡಬೇಕು, ಯಾವ ಸಚಿವನೂ ಕೊಡಬೇಕು.

ಇಂಥದ್ದನ್ನು ಕೇಳಲು ಆದೇಶ ಓದಬೇಕು, ಅಂಗನವಾಡಿಗೆ ಹೋಗಿ ನೋಡಬೇಕು. ಹಳೆಯ ಸಿನಿಮಾದ ತುಣುಕು ತೋರಿಸಿ ಕೊಂಕು ನುಡಿಯಲು ಅದ್ಯಾವುದೂ ಬೇಡ.